ಖಾಲಿ ತೊಟ್ಟಿಲು ತೂಗಲೊಪ್ಪದ ರಾಮವ್ವ

ಬೆಳಗಿನ ಏಳು ಗಂಟೆ. ಗದಗಿನ ಮುಳಗುಂದ ನಾಕಾದ ಹತ್ತಿರ ‘ಹಳೇ ಪಡಸಾಲಿ’ ಖಾನಾವಳಿಯ ಬಾಗಿಲು ಅರ್ಧವೇ ತೆರೆದಿದೆ. ಒಳಗೆ ರಾಮವ್ವ ಒಂದು ಗುಂಡುಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ತೊಟ್ಟಿಲಲ್ಲಿ ಮಲಗಿಸುತ್ತಾಳೆ.

“ಯವ್ವಾ, ನಿನ್ನ ಮಗಾ ಎದ್ದನೇನ?” ಅಡುಗೆಮನೆಯಿಂದ ರೊಟ್ಟಿ ಬಡಿಯುವ ವನಿತಾ ಕೂಗುತ್ತಾಳೆ.

“ನಿನಗಿಂತ ಜಲ್ದಿ ಎದ್ದಾನ. ನಿನ್ನಂಗ ಚಾ ಚಾ ಅಂತ ಬಾಯಿ ಬಿಡಂಗಿಲ್ಲ ನೋಡು.”

ರಾಮವ್ವ ಅಡುಗೆಯವಳಲ್ಲ, ಬಡಿಸುವವಳೂ ಅಲ್ಲ. ಇಲ್ಲಿನ ಹಳೆಯ ಸಾಮಾನು ಒರೆಸುವುದು ಆಕೆಯ ಕೆಲಸ. ಅದೇನು ಕಡಿಮೆಯೇ? ನಲವತ್ತಮೂರು ಕಂದೀಲು, ಹನ್ನೊಂದು ರೇಡಿಯೋ, ಸೂರಿನಿಂದ ಇಳಿಬಿಟ್ಟ ಒಂದು ಸೈಕಲ್ಲು, ಬೆಟಗೇರಿಯ ಮಗ್ಗಗಳಿಂದ ಬಂದ ಲಾಳಿಗಳ ತೋರಣ. ಊಟದ ಟೇಬಲ್ಲುಗಳಿಗೆ ಹೊಲಿಗೆ ಯಂತ್ರದ ಕಾಲು. ಗಲ್ಲಾದ ಮುಂದೆ ಕ್ಷೌರದಂಗಡಿಯ ತಿರುಗುವ ಕುರ್ಚಿ. ಹನ್ನೊಂದಕ್ಕೆ ಗಿರಾಕಿಗಳು ಬರುವಷ್ಟರಲ್ಲಿ ಎಲ್ಲ ಹೊಳೆಯಬೇಕು. ಬಂದವರು ಕಂದೀಲಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಒರೆಸಿದ ಕೈ ಯಾವ ಫೋಟೊದಲ್ಲೂ ಇಲ್ಲ.

ಐವತ್ತನಾಲ್ಕರ ಈಕೆ ಲಕ್ಕುಂಡಿಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಈ ಕೆಲಸ ಸಿಕ್ಕ ಮೇಲೆಯೇ ಬಿಸಿಲಿನ ಕೂಲಿ ತಪ್ಪಿದ್ದು. ಮೂರು ಮಕ್ಕಳನ್ನು ಹೊಲದ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಬೆಳೆಸಿದವಳು. “ಕೂಸು ಅತ್ತರ ಉಣ್ಣೂ ಗಂಗಾಳ ಸರಿಸಿ ಏಳೂದು. ತಿರಗಿ ಬರೂದ್ರಾಗ ರೊಟ್ಟಿ ಚಕ್ಕಳ ಆಗಿರತಿತ್ತು. ಬಿಸಿ ರೊಟ್ಟಿ ಅಂದ್ರ ಬ್ಯಾರೆಯವರಿಗೆ ಬಡಸೂದು ಅಂತನ ತಿಳದಿದ್ದೆ ನಾ,” ಎಂದು ನಗುತ್ತಾಳೆ.

ತೊಟ್ಟಿಲು ಬಂದದ್ದು ಎರಡು ವರ್ಷದ ಹಿಂದೆ. ಮಾಲೀಕ ಸುಭಾಷ ಅದನ್ನು ಶಿರಹಟ್ಟಿಯ ಒಂದು ಮನೆಯಿಂದ ತಂದು ತೂಗುಹಾಕಿದ. ಒಳಗೆ ಬಣ್ಣದ ದೀಪದ ಸರ ಹರವಿ, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಹಲಗೆ ಇಟ್ಟ. ಆದರೂ ಹೋಗಿಬರುವವರು ಒಮ್ಮೆ ತೂಗಿಯೇ ಹೋಗುತ್ತಿದ್ದರು. ರಾಮವ್ವ ಪ್ರತಿಸಲ ಓಡಿಬಂದು ಅದನ್ನು ಹಿಡಿದು ನಿಲ್ಲಿಸುತ್ತಿದ್ದಳು. ಖಾಲಿ ತೊಟ್ಟಿಲು ತೂಗುವುದುಂಟೆ? ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುವ ರೂಢಿ ಆಕೆಗೆ ನೆನಪಾಯಿತು. ಯಾರನ್ನೂ ಕೇಳದೆ ದೀಪಗಳ ನಡುವೆ ಒಂದು ಗುಂಡುಕಲ್ಲಿಟ್ಟಳು. ಅಡುಗೆಮನೆಯವರು ಅದಕ್ಕೆ ‘ಗುಂಡಪ್ಪ’ ಎಂದು ಹೆಸರನ್ನೂ ಇಟ್ಟರು.

ಆರು ತಿಂಗಳು ಕಳೆದು ಒಂದು ಭಾನುವಾರ, ಲಕ್ಷ್ಮೇಶ್ವರದ ಗುಲ್ನಾಜ ಮನೆಮಂದಿಯೊಂದಿಗೆ ಊಟಕ್ಕೆ ಬಂದಳು. ಎಲ್ಲರೂ ಉಣ್ಣುತ್ತಿದ್ದರು, ಆಕೆಯೊಬ್ಬಳು ನಾಲ್ಕು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ಅಡ್ಡಾಡುತ್ತಿದ್ದಳು. ಉಬ್ಬಿ ಬಂದಿದ್ದ ಆಕೆಯ ರೊಟ್ಟಿ ಆರುತ್ತಿತ್ತು.

“ಕೊಡವಾ ಇಲ್ಲೆ,” ಎಂದಳು ರಾಮವ್ವ.

“ಬ್ಯಾಡ್ರಿ ಅವ್ವಾರ, ನನಗ ರೂಢಿ ಐತಿ.”

“ಅದ ರೂಢಿ ನನಗೂ ಇತ್ತು. ಅದಕ್ಕ ಕೊಡು ಅಂದೆ.”

ದೀಪದ ಸರ ಕಿತ್ತಳು, ಕಲ್ಲನ್ನು ಇಳಿಸಿದಳು, ಒಗೆದ ಮೆತ್ತನೆಯ ಬಟ್ಟೆ ಹಾಸಿದಳು. ಕೂಸನ್ನು ಮಲಗಿಸುವಷ್ಟರಲ್ಲಿ ಸುಭಾಷ ಗಲ್ಲಾದಿಂದ ಓಡಿಬಂದ. “ಅದು ಬರೇ ನೋಡಾಕ ಇಟ್ಟದ್ದು ರಾಮವ್ವ! ಹರದ ಬಿದ್ದರ ಯಾರು ಹೊಣಿ? ನಾಳಿಂದ ಬರಬ್ಯಾಡ ನೀ!”

ಹೊಲದ ಬಿಸಿಲು ಕಣ್ಣಮುಂದೆ ಹಾದುಹೋಯಿತು. ಆದರೂ ರಾಮವ್ವ ತೊಟ್ಟಿಲು ಹಿಡಿದ ಕೈ ಬಿಡಲಿಲ್ಲ. “ಆರ ತಿಂಗಳಾತು, ಹತ್ತು ಕಿಲೋ ಗುಂಡಪ್ಪನ್ನ ಹೊತ್ತೈತ್ರಿ ಸಾವಕಾರ್ರ. ಈ ಕೂಸು ಅದರಷ್ಟೂ ಇಲ್ಲ. ಆಕಿ ಉಣ್ಣೂತನ ನಾ ಕೆಳಗ ಕೈ ಕೊಟ್ಟು ನಿಂದರತೀನಿ. ನಾಳಿ ಮಾತು ನಾಳಿಗಿ.”

ಗುಲ್ನಾಜ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯೆ ಉಂಡಳು. ಆಮೇಲೆ ಆಚೆ ಟೇಬಲ್ಲಿನ ಹೆಂಗಸೊಬ್ಬಳು ತೊಡೆಯ ಮೇಲಿನ ಮಗುವನ್ನೆತ್ತಿಕೊಂಡು ಬಂದು ನಿಂತಳು: “ನಮ್ಮದೂ ಒಂದ್ಹತ್ತು ಮಿನಿಟ್ರಿ.” ಅವಳ ಹಿಂದೆ ಇನ್ನೊಬ್ಬಳು.

ಮರುದಿನವೂ ರಾಮವ್ವ ಮೊದಲ ಬಸ್ಸಿಗೇ ಬಂದಳು. ಒಳಗೆ ಬಡಿಗೇರ ಯಂಕಪ್ಪ ಏಣಿಯ ಮೇಲಿದ್ದ, ತೊಟ್ಟಿಲಿಗೆ ಹೊಸ ಕೊಂಡಿ, ಹೊಸ ಸರಪಳಿ ಹಾಕುತ್ತಿದ್ದ. ಸುಭಾಷ ಏಣಿ ಹಿಡಿದಿದ್ದ.

“ಬರಬ್ಯಾಡ ಅಂದಿದ್ರಿ?”

“ಅಂದಿದ್ದೆ. ನೀ ಯಾವಾಗ ನನ್ನ ಮಾತು ಕೇಳೀದಿ? ಬಾ, ಆ ಕಡೆ ಹಿಡಿ.”

ಈಗ ದಿನಕ್ಕೆ ಆರೇಳು ಕೂಸು, ಭಾನುವಾರ ಇಪ್ಪತ್ತಾದರೂ ಆಗುತ್ತದೆ. ಒಂದೊಂದಕ್ಕೂ ಹೊಸದಾಗಿ ಒಗೆದ ಹಾಸು. ಕೂಸಿಲ್ಲದ ಹೊತ್ತಿಗೆ ಗುಂಡಪ್ಪ. ಮುಂಡರಗಿಯಿಂದ ಫೋನ್ ಮಾಡಿ ‘ತೊಟ್ಟಿಲವ್ವ ಇದಾರೇನ್ರಿ’ ಎಂದು ಕೇಳಿಕೊಂಡೇ ಹೊರಡುವ ಮನೆಗಳಿವೆ. ಗ್ರಾಮಫೋನು ಹುಡುಕುತ್ತ ಊರೂರು ತಿರುಗುತ್ತಿದ್ದ ಸುಭಾಷ ಇನ್ನೊಂದು ತೊಟ್ಟಿಲು ಹುಡುಕುತ್ತಿದ್ದಾನೆ.

ಈ ತೊಟ್ಟಿಲು ಎಷ್ಟು ವರ್ಷ ಹಳೆಯದು ಎಂದು ಗಿರಾಕಿಯೊಬ್ಬರು ಕೇಳುತ್ತಾರೆ. ರಾಮವ್ವ ಸೆರಗಿಗೆ ಕೈ ಒರೆಸಿಕೊಂಡು ಹೇಳುತ್ತಾಳೆ:

“ಗ್ವಾಡಿ ಮ್ಯಾಲಿಂದೆಲ್ಲ ಹಳೇದ ಇರಬೌದ್ರಿ. ಇದಕ್ಕ ಮಾತ್ರ ಹಳೇದು ಅನಬ್ಯಾಡ್ರಿ. ನಿನ್ನಿ ಇದರಾಗ ಏಳು ಕೂಸು ಮಲಗಿದ್ವು, ಏಳು ಮಂದಿ ತಾಯಂದ್ರು ಬಿಸಿ ರೊಟ್ಟಿ ಉಂಡಾರ.”