ಉಪ್ಪುನೀರಿನ ಕೊಳದಲ್ಲಿ ಚಿಗವ್ವನ ಸೀರೆ

ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿದ್ದ ದ್ವೀಪದಲ್ಲಿ, ಬಂಡೆಗಳ ನಡುವೆ ಸಮುದ್ರದ ನೀರು ತುಂಬಿ ತಾನಾಗಿಯೇ ಆದ ಸಣ್ಣ ಕೊಳವದು. ಚಿಕ್ಕಂದಿನಲ್ಲಿ ಲಕ್ಕುಂಡಿಯ ತೋಟದ ಬಾವಿಯನ್ನೇ ಈಜಿ ದಾಟಿದವಳು ನಾನೆಂದು ಮಗಳಿಗೆ ವರ್ಷಗಟ್ಟಲೆ ಹೇಳಿದ್ದೆ. ಈಗ ಅವಳು ದಡದಲ್ಲಿ ಕೈಕಟ್ಟಿ ಕಾಯುತ್ತಿದ್ದಳು. ನನ್ನ ಕಾಲು ಮಾತ್ರ ನೆಲ ಬಿಡಲೊಲ್ಲದು.

ಬೆಟಗೇರಿಯಲ್ಲಿ ಸೀರೆ ನೇಯುವ ನನ್ನ ಚಿಗವ್ವ, ಅವ್ವನ ತಂಗಿ, ಆಚೆ ಬಂಡೆಯ ಮೇಲೆ ಕೂತು ನಕ್ಕಳು. "ಬಾವ್ಯಾಗ ನೀ ಎಲ್ಲಿ ಈಸಿದ್ದಿಲೇ? ನಡಕ್ಕ ನನ್ನ ಸೀರಿ ಕಟ್ಟಿ ನಾನ ಜಗ್ಗಿದ್ನಿ. ನೀ ಬರೇ ಒದರಿದ್ದಿ!"

ನನ್ನ ನೆನಪಿನಲ್ಲಿ ಸೀರೆಯೇ ಇರಲಿಲ್ಲ. ವಾದಿಸುವಷ್ಟರಲ್ಲಿ ಅವಳು, ಮಿಂದ ಮೇಲೆ ಉಡಲೆಂದು ತಂದಿದ್ದ ಸೀರೆಯ ಒಂದು ತುದಿಯನ್ನು ನನ್ನತ್ತ ಎಸೆದಳು. "ಕಟ್ಕೋ. ನಾ ಹಿಡದೀನಿ."

ಕಟ್ಟಿಕೊಂಡೆ, ಕಾಲು ಬಿಟ್ಟೆ. ಉಪ್ಪುನೀರು ಎತ್ತಿ ಹಿಡಿಯಿತು. ಕೈಕಾಲು ಬಡಿಯುತ್ತ ಆಚೆ ಬಂಡೆ ಮುಟ್ಟಿದೆ. ಮಗಳು ಚಪ್ಪಾಳೆ ತಟ್ಟಿದ್ದು ಚಿಗವ್ವನಿಗೆ.

ಊರಿಗೆ ಬಂದು ಡೈರಿಯಲ್ಲಿ 'ಕೊಳ ಈಜಿ ದಾಟಿದೆ' ಎಂದು ಬರೆದೆ. ಸ್ವಲ್ಪ ಹೊತ್ತು ಬಿಟ್ಟು 'ನಡುವಿಗೆ ಸೀರೆ ಇತ್ತು' ಎಂದು ಸೇರಿಸಿದೆ. ಹತ್ತು ವರ್ಷದ ಮೇಲೆ ನಾನು ಮೊದಲು ಮರೆಯುವುದು ಅದನ್ನೇ.