ಅಮ್ಮನಿಗೊಂದು ಬೇರೆ ಲೋಟ

ನಮ್ಮ ಅಜ್ಜಿ ಕ್ರೈಸ್ತಳಾದದ್ದು ಪರಲೋಕದ ಆಸೆಗಲ್ಲ, ಒಂದು ಗುಟುಕು ದ್ರಾಕ್ಷಾರಸಕ್ಕೆ. ಹೀಗೆಂದರೆ ನಮ್ಮ ಚರ್ಚಿನ ಸಭೆಯವರಿಗೆ ಸಿಟ್ಟು ಬರುತ್ತದೆ. ಬರಲಿ.

ಗಂಡಸಿ ಕಡೆಯ ಒಂದು ಹಳ್ಳಿಯಲ್ಲಿ ಅವಳು ಹುಡುಗಿಯಾಗಿದ್ದಾಗ ದೊಡ್ಡ ಮನೆಯೊಂದರ ತೆಂಗಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಮಜ್ಜಿಗೆ ಕೊಡುತ್ತಿದ್ದರು, ಆದರೆ ಲೋಟದಲ್ಲಲ್ಲ. ಅವಳ ಪಾಲಿನ ಕರಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಅದನ್ನು ಅವಳೇ ತೆಗೆದು ಹಿಡಿಯಬೇಕು, ಮನೆಯವರು ತಾಗದಂತೆ ಮೇಲಿನಿಂದ ಹುಯ್ಯುತ್ತಾರೆ, ಕುಡಿದು ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಮದುವೆಯಾಗಿ ಅರಸೀಕೆರೆಗೆ ಬಂದಮೇಲೆ ಯಾರೋ ಚರ್ಚಿಗೆ ಕರೆದರು. ತಿಂಗಳ ಮೊದಲ ಭಾನುವಾರ, ಪ್ರಭುಭೋಜನದ ದಿನ. ಮೇಜಿನ ಮುಂದಿನ ಕಂಬಿಯ ಬಳಿ ಜನ ಸಾಲಾಗಿ ಮೊಣಕಾಲೂರಿದ್ದರು. ದ್ರಾಕ್ಷಾರಸದ ಒಂದೇ ಬೆಳ್ಳಿಯ ಪಾತ್ರೆ ಎಲ್ಲರ ಬಾಯಿಗೂ ಹೋಗುತ್ತಿತ್ತು.

"ರೈಲ್ವೆ ಸಾಹೇಬ್ರ ಹೆಂಡ್ರು ಕುಡಿದ ಪಾತ್ರೆಲೇ ರಸ್ತೆ ಗುಡಿಸೋನೂ ಕುಡುದ ಕಣವ್ವ. ಅವತ್ತೇ ಅನ್ಕಂಡೆ, ಈ ದೇವ್ರು ನಂಗೆ ಸೈ ಅಂತ." ಅಜ್ಜಿ ನನಗೆ ಹೇಳಿದ ಬೈಬಲ್ ಪಾಠ ಇಷ್ಟೇ. ಆಮೇಲೆ ನಾನು ಎಷ್ಟೋ ಪಾದ್ರಿಗಳ ಪ್ರಸಂಗ ಕೇಳಿದ್ದೇನೆ, ಇದಕ್ಕಿಂತ ಒಳ್ಳೆಯದನ್ನು ಕೇಳಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೇಲೂರಿನ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ, ಹಳೇಬೀಡಿನಲ್ಲಿ ಪ್ರವಾಸಿಗಳ ಗದ್ದಲದೊಳಗೆ ಸಿಕ್ಕಿ, ಜಾವಗಲ್, ಬಾಣಾವರ ದಾಟಿ ಅರಸೀಕೆರೆ ಸೇರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅಪ್ಪ ತೀರಿಕೊಂಡಿದ್ದರು. ರೈಲ್ವೆ ಗೇಟಿನ ಹತ್ತಿರದ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ಅಜ್ಜಿ, ಅಂದರೆ ಅಮ್ಮನ ತಾಯಿ, ಇಬ್ಬರೇ ಇದ್ದರು. ಅಮ್ಮ ರವಿಕೆ ಹೊಲಿಯುತ್ತಿದ್ದಳು. ಅಮ್ಮನಿಗೆ ಜನರೆಂದರೆ ಪ್ರಾಣ. ಯಾರಾದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿದರೆ ಸಾಕು, ಕಾಫಿಗೆ ನೀರಿಟ್ಟುಬಿಡುತ್ತಿದ್ದಳು.

ಆ ವರ್ಷ ಅಮ್ಮನಿಗೆ ಟಿಬಿ ಬಂತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ನನ್ನೆದುರಿಗೇ ಹೇಳಿದ್ದರು, "ಮಾತ್ರೆ ಬಿಡದೆ ನುಂಗಿ. ಕೆಲವು ವಾರ ಹುಷಾರಾಗಿರಿ, ಆಮೇಲೆ ಯಾರಿಗೂ ಅಂಟೋದಿಲ್ಲ." ಅಮ್ಮ ಆ ಕೆಲವು ವಾರ ಚರ್ಚಿಗೂ ಹೋಗದೆ ಮನೆಯಲ್ಲೇ ಕೂತಳು. ಆದರೆ ಊರಿಗೆ ಕೇಳಿಸಿದ್ದು ರೋಗದ ಹೆಸರು ಮಾತ್ರ. ರವಿಕೆ ಬಟ್ಟೆ ತರುವವರು ನಿಂತರು. ಅದನ್ನು ಅಮ್ಮ ಸಹಿಸಿಕೊಂಡಳು. "ಊರವರು ಬಿಡು, ನಮ್ಮ ಸಭೆಯವರು ಇದ್ದಾರಲ್ಲ" ಎನ್ನುತ್ತಿದ್ದಳು.

ನಮ್ಮ ಸಭೆಯವರು ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ನಮ್ಮ ಸರದಿ ಬಂದಾಗ ಡಾಕ್ಟರು ಹೇಳಿದ ವಾರಗಳು ಮುಗಿದಿದ್ದವು. ದಸರಾ ರಜೆ, ನಾನೂ ಮನೆಯಲ್ಲಿದ್ದೆ. ಅಮ್ಮ ಚಾಪೆ ಹಾಸಿ, ಅಜ್ಜಿಯ ಕೈಲಿ ಕೋಡುಬಳೆ ಮಾಡಿಸಿ, ಆದರೂ ಮೂಗಿಗೆ ಸೆರಗು ಕಟ್ಟಿಕೊಂಡು ಬಾಗಿಲ ಹತ್ತಿರ ಕೂತಳು. ಯಾರೂ ಬರಲಿಲ್ಲ. ಕೂಟವನ್ನು ಬೇರೊಬ್ಬರ ಮನೆಗೆ ಬದಲಾಯಿಸಿದ್ದರು. ಮಾರನೆಯ ದಿನ ಸಂತೆಯಲ್ಲಿ ಸಿಕ್ಕ ಸಭೆಯ ಹಿರಿಯರೊಬ್ಬರ ಹೆಂಡತಿ ಎರಡು ಮಾರು ದೂರದಲ್ಲೇ ನಿಂತು ಅಮ್ಮನಿಗೆ, "ನಿಮಗೆ ಸುಸ್ತಾಗತ್ತೆ ಅಂತ ಬದಲಾಯಿಸಿದ್ವಿ ಸಿಸ್ಟರ್. ನಿಮಗೋಸ್ಕರ ತುಂಬಾ ಭಾರದಿಂದ ಪ್ರಾರ್ಥನೆ ಮಾಡಿದ್ವಿ" ಎಂದರು. ಆ ಭಾರವನ್ನು ಹೊತ್ತು ನಮ್ಮ ಹೊಸ್ತಿಲವರೆಗೆ ಬರಲು ಮಾತ್ರ ಯಾರಿಗೂ ಆಗಲಿಲ್ಲ. ನಾವು ಮೂವರು ಒಂದು ವಾರ ಕೋಡುಬಳೆ ತಿಂದೆವು.

ಮುಂದಿನ ತಿಂಗಳು ಅಮ್ಮ ಮತ್ತೆ ಪ್ರಭುಭೋಜನಕ್ಕೆ ಹೊರಟಳು. ಹಿಂದಿನ ದಿನ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಮನೆಗೆ ಬಂದು ಜಗಲಿಯ ಮೇಲೆಯೇ ಕೂತರು. ಕೆಟ್ಟವರಾಗಿದ್ದರೆ ಬಯ್ಯುವುದು ಸುಲಭವಿತ್ತು. ಅಪ್ಪನ ಶವದ ಜೊತೆ ಮಳೆಯಲ್ಲಿ ನಡೆದುಬಂದವರು ಅವರು.

"ತಪ್ಪು ತಿಳ್ಕೋಬೇಡಿ ಅಮ್ಮ. ನನಗೇನೂ ಇಲ್ಲ. ಸಭೆಯಲ್ಲಿ ಬಲಹೀನರು ಇರ್ತಾರೆ, ಅವರಿಗೆ ಅಡ್ಡಿಯಾಗಬಾರದು. ನೀವು ಕೊನೇಲಿ ಬನ್ನಿ. ಬರುವಾಗ ಮನೆಯಿಂದ ಒಂದು ಲೋಟ ತನ್ನಿ."

ಅಮ್ಮ ತಲೆಯಾಡಿಸಿದಳು. ಒಳಗಿದ್ದ ಅಜ್ಜಿಗೆ ಇದು ಕೇಳಿಸಿರಲಿಲ್ಲ.

ಮರುದಿನ ಎಲ್ಲರೂ ಎದ್ದುಹೋದಮೇಲೆ ಅಮ್ಮ ಕಂಬಿಯ ತುದಿಯಲ್ಲಿ ಒಬ್ಬಳೇ ಮೊಣಕಾಲೂರಿ, ಬ್ಯಾಗಿನಿಂದ ಸ್ಟೀಲ್ ಲೋಟ ತೆಗೆದು ಹಿಡಿದಳು. ಅಯ್ಯನವರು ಬೆಳ್ಳಿಯ ಪಾತ್ರೆಯನ್ನು ಅದಕ್ಕೆ ತಾಗಿಸದೆ, ಮೇಲಿನಿಂದ ಹುಯ್ದರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮನೆಗೆ ಬಂದಮೇಲೆ ಅಂದಳು, "ಲೋಟ ಸಿಕ್ಸಕ್ಕೆ ಒಂದು ಸೂರು ಇರ್ಲಿಲ್ಲ, ಅಷ್ಟೇಯ."

"ಸುಮ್ನಿರವ್ವ" ಎಂದಳು ಅಮ್ಮ. "ವಾಸಿಯಾದ ಮೇಲೆ ಎಲ್ಲರ ಜೊತೆ ಕೊಡ್ತಾರೆ."

ಅಲ್ಲಿಂದ ಅಮ್ಮನಿಗೆ ಅದೊಂದೇ ಗುರಿ. ಮಾತ್ರೆ ನುಂಗಿ ಹೊಟ್ಟೆ ತೊಳಸಿದರೂ ಒಂದು ದಿನ ಬಿಡಲಿಲ್ಲ. ಜೀವ ಉಳಿಯಬೇಕೆಂದಲ್ಲ, ಆ ಪಾತ್ರೆಗೆ ಮತ್ತೆ ಬಾಯಿಡಬೇಕೆಂದು. ಅಯ್ಯನವರು ಆ ತಿಂಗಳುಗಳಲ್ಲೇ ಅನ್ಯೋನ್ಯತೆಯ ಬಗ್ಗೆ ಪ್ರಸಂಗ ಮಾಡಿದರು. ಮನುಷ್ಯ ಒಂಟಿಯಾಗಿ ಬಾಳಲಾರ, ನಾವೆಲ್ಲ ಒಂದೇ ದೇಹದ ಅವಯವಗಳು, ಒಲೆಯಿಂದ ಹೊರಗೆ ಬಿದ್ದ ಕೆಂಡ ಬೇಗ ಆರಿಹೋಗುತ್ತದೆ ಎಂದರು. ಕೆಂಡ ತಾನಾಗಿ ಬಿತ್ತೋ, ಯಾರಾದರೂ ಇಕ್ಕಳ ಹಾಕಿ ತೆಗೆದರೋ ಎಂದು ಹೇಳಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಮ್ಮ ಕೂತ ಬೆಂಚಿನಲ್ಲಿ ನಾವು ಮೂವರೇ ಇದ್ದೆವು, ಉಳಿದ ಜಾಗ ಖಾಲಿ. ಹಿಂದೆ ಜನ ನಿಂತಿದ್ದರು.

ಬೇಸಿಗೆ ರಜೆಯ ಹೊತ್ತಿಗೆ ಅಮ್ಮ ಪೂರ್ತಿ ವಾಸಿಯಾದಳು. ಡಾಕ್ಟರು ಮಾತ್ರೆ ನಿಲ್ಲಿಸಿದರು. ಅಮ್ಮ ಆಸ್ಪತ್ರೆಯಿಂದ ನೇರ ಅಯ್ಯನವರ ಮನೆಗೆ ಹೋಗಿ ತಿಳಿಸಿದಳು. ಅವರು ಕೈಮುಗಿದು ಸ್ತೋತ್ರ ಹೇಳಿ, "ಮುಂದಿನ ಭೋಜನಕ್ಕೆ ಎಲ್ಲರ ಜೊತೆ ಬನ್ನಿ ಅಮ್ಮ, ಲೋಟ ಬೇಡ" ಎಂದರು. ಅವತ್ತು ಅಮ್ಮ ಸ್ಟೀಲ್ ಲೋಟವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅಡುಗೆಮನೆಯಲ್ಲಿ ಉಳಿದ ಲೋಟಗಳ ಸಾಲಿಗೆ ಸೇರಿಸಿದಳು. ಭಾನುವಾರಕ್ಕೆ ಮದುವೆಗೆ ಉಡುವ ಸೀರೆ ಉಟ್ಟಳು.

ಚರ್ಚಿನಲ್ಲಿ ಮೊದಲ ಸಾಲಿನಲ್ಲೇ ಹೋಗಿ ಮೊಣಕಾಲೂರಿದಳು. ಅವಳ ಎಡಕ್ಕೆ ನಾನು, ಬಲಕ್ಕೆ ಅಜ್ಜಿ. ಅಯ್ಯನವರು ಮೇಜಿನ ಮೇಲಿನ ಬಿಳಿ ಬಟ್ಟೆ ಸರಿಸಿದರು. ಬೆಳ್ಳಿಯ ಪಾತ್ರೆ ಇರಲಿಲ್ಲ. ಒಂದು ತಟ್ಟೆಯ ತುಂಬ ಬೆರಳುದ್ದದ ಗಾಜಿನ ಲೋಟಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು. ಶುಚಿತ್ವದ ದೃಷ್ಟಿಯಿಂದ ಸಭೆಯ ಹಿರಿಯರು ಹೀಗೆ ತೀರ್ಮಾನಿಸಿದ್ದಾರೆ ಎಂದು ಅಯ್ಯನವರು ಪ್ರಕಟಿಸಿದರು. ಅಮ್ಮನ ಮುಖವನ್ನು ಮಾತ್ರ ನೋಡಲಿಲ್ಲ.

ಅಮ್ಮನ ಕೈ ತಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದನ್ನು ತೆಗೆದುಕೊಂಡು ಕುಡಿದಳು. ನಾನೂ ಕುಡಿದೆ. ಅಜ್ಜಿ ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು, ಹಳ್ಳಿಯಿಂದ ಬಂದ ಹೊಸದರಲ್ಲಿ ಕೂತಿದ್ದ ಜಾಗವದು.

ಆರಾಧನೆ ಮುಗಿದಮೇಲೆ ಬಾಗಿಲಲ್ಲಿ ಎಲ್ಲರ ಕೈ ಕುಲುಕುತ್ತಿದ್ದ ಅಯ್ಯನವರು ಅಜ್ಜಿಯನ್ನು ತಡೆದು ಕೇಳಿದರು, "ಯಾಕಜ್ಜಿ, ತಗೊಳ್ಳಲಿಲ್ಲ? ಈಗ ಯಾರಿಗೂ ಭೇದ ಇಲ್ಲ, ಎಲ್ಲರೂ ಸಮ ಆದ್ವಲ್ಲ?"

"ಸಮ ಆದ್ರಿ ಅಯ್ಯನೋರೇ" ಎಂದಳು ಅಜ್ಜಿ. "ನನ್ ಮಗಳೊಬ್ಬಳನ್ನ ಸೇರಿಸ್ಕಳಕ್ಕಾಗ್ದೆ, ಎಲ್ಲಾರೂ ಒಂದೊಂದು ಕರಟ ಹಿಡ್ಕಂಡ್ರಲ್ಲ."

ಅಜ್ಜಿ ಮತ್ತೆ ಆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಅಮ್ಮ ಹೋಗುವುದನ್ನು ಬಿಡಲಿಲ್ಲ. ಯಾಕಮ್ಮ ಹೋಗುತ್ತೀಯ ಎಂದು ನಾನು ರೇಗಿದಾಗಲೆಲ್ಲ ಅವಳದು ಒಂದೇ ಉತ್ತರ, "ಅವರನ್ನ ಬಿಟ್ರೆ ನನಗೆ ಯಾರಿದಾರೆ ಹೇಳು?"