ಅತ್ತೆಯ ಹೇಳಿಕೆ ಬರೆದುಕೊಂಡವರು

ಬರೆದ ಪ್ರತಿ ಸಾಲಿನ ಮೇಲೂ ಅವರು ಎರಡು ಕೆನ್ನೆ ಉಬ್ಬಿಸಿ ಉಫ್ ಎಂದು ಊದುತ್ತಿದ್ದರು. ನಮ್ಮ ಕಡೆ ಆರು ತಿಂಗಳು ಕಾಗದ ತೇವವೇ, ಶಾಯಿ ಬೇಗ ಒಣಗುವುದಿಲ್ಲ. ಆದರೆ ಅವರು ಬೇಸಿಗೆಯಲ್ಲೂ ಊದುತ್ತಿದ್ದರು. ಊದಿ ಊದಿ, ಸುಮ್ಮನೆ ಕೂತಾಗಲೂ ತುಟಿ ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ಮೊದಲ ಸಲ ನೋಡಿದವರು, ಈ ಮನುಷ್ಯ ಇನ್ನೇನು ಸಿಳ್ಳೆ ಹಾಕುತ್ತಾನೆ ಅಂದುಕೊಳ್ಳಬೇಕು. ನಮ್ಮ ಠಾಣೆಯ ರೈಟರು ಅವರು. ಹೆಸರಿಗೆ ಹೆಡ್ ಕಾನ್‌ಸ್ಟೇಬಲ್ಲು, ಕೆಲಸ ಬರವಣಿಗೆ. ಲಾಠಿ ಹಿಡಿದದ್ದನ್ನು ನಾನು ಕಂಡೇ ಇಲ್ಲ. ನನ್ನ ಬದುಕು ಹಾಳು ಮಾಡಿದ್ದು ಆ ಮನುಷ್ಯನ ಪೆನ್ನು. ಈವತ್ತು ನಾನು ಎರಡು ಹೊತ್ತು ಉಣ್ಣುತ್ತಿರುವುದೂ ಅವರು ಕಲಿಸಿದ ಬರವಣಿಗೆಯಿಂದಲೇ. ಇದನ್ನು ಹೇಳುವಾಗ ಈಗಲೂ ಬಾಯಿ ಕಹಿಯಾಗುತ್ತದೆ.

ನಮ್ಮದು ಅರಳಸುರಳಿಯ ಆಚೆಯ ಒಂದು ಹಳ್ಳಿ, ಗೇಣಿ ಮಾಡುವ ಮನೆ. ಮದುವೆಯಾದ ಮರುವರ್ಷವೇ ನನ್ನ ಯಜಮಾನರು ಮಿಲಿಟರಿಗೆ ಸೇರಿದರು. ಆಮೇಲೆ ಚೀನಾ ಯುದ್ಧ ಬಂತು. ಯುದ್ಧ ನಿಂತ ಸ್ವಲ್ಪ ದಿನಕ್ಕೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಶಾಲೆಯ ಮೇಷ್ಟ್ರು ಎರಡು ಸಲ ಓದಿ, 'ಪತ್ತೆಯಾಗಿಲ್ಲ ಅಂತ ಬರ್ದಿದಾರೆ. ಸತ್ತಿದಾರೆ ಅಂತ ಇಲ್ಲ' ಎಂದರು. ಅದೇ ವಾರ ಊರಿನಲ್ಲಿ ಸಭೆ ನಡೆಯಿತು. ನನ್ನ ಅತ್ತೆಗೆ ಹಾರ ಹಾಕಿ ವೀರಮಾತೆ ಎಂದರು. ನಾನು ಮೂಗುಬೊಟ್ಟು ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ಥೂ, ಆ ಚಪ್ಪಾಳೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ದಿನಗಳಲ್ಲಿ ರೈಟರಿಗೆ ಬಿಡುವೇ ಇರಲಿಲ್ಲ. ಠಾಣೆಯಿಂದ ವಾರ ವಾರ ಮೇಲಕ್ಕೆ ವರದಿ ಹೋಗಬೇಕು: ಸೇತುವೆ ಕಾವಲು ಹೇಗಿದೆ, ಹೊಸ ಮುಖ ಯಾರಾದರೂ ಬಂದಿದ್ದಾರೆಯೇ, ಜನ ಏನು ಮಾತಾಡುತ್ತಿದ್ದಾರೆ. ಸೇತುವೆಗೆ ಬಂದೂಕಿನ ಇಬ್ಬರನ್ನು ಹಾಕಿದ್ದರು. ಅವರು ಹಾಡಹಗಲೇ ಬಂದೂಕನ್ನು ಕಟ್ಟೆಗೆ ಒರಗಿಸಿ ಗೊರಕೆ ಹೊಡೆಯುವುದನ್ನು ಸಂತೆಗೆ ಹೋಗುವವರೆಲ್ಲ ನೋಡುತ್ತಿದ್ದೆವು. ವರದಿಯಲ್ಲಿ ಮಾತ್ರ 'ಸಶಸ್ತ್ರ ಕಾವಲು ಬಿಗಿಯಾಗಿದ್ದು, ಸರಹದ್ದಿನಲ್ಲಿ ಶಾಂತಿ ಇರುತ್ತದೆ.' ಅವರಿಗೆ ಚೊಕ್ಕ ಸಾಲು ಬೇಕು. ಅನುಮಾನ, ಅಡ್ಡಮಾತು, ಅಳು ಇವೆಲ್ಲ ಅವರ ಪೆನ್ನಿನ ಹತ್ತಿರ ಬಂದು ಹಾಗೇ ಹಿಂದಕ್ಕೆ ಹೋಗುತ್ತಿದ್ದವು. 'ಸರ್ಕಾರಕ್ಕೆ ಕಿವಿ ಇಲ್ಲ ತಂಗಿ, ಕಣ್ಣು ಮಾತ್ರ. ಬರ್ದಿದ್ದೇ ಆಗಿದ್ದು' ಎಂದು ಅವರು ನನಗೆ ನೂರು ಸಲ ಹೇಳಿದ್ದಾರೆ.

ಮಾಘದಲ್ಲಿ ಪಲ್ಟಣದ ಕಡೆಯಿಂದ ಠಾಣೆಗೆ ಒಂದು ವಿಚಾರಣೆ ಬಂತು. ಪತ್ತೆಯಾಗದವರು ಮನೆಗೆ ಬಂದಿದ್ದಾರೋ ಹೇಗೆ, ಕೇಳಿ ವರದಿ ಮಾಡಿ ಎಂದು. ರೈಟರು ಸೈಕಲ್ಲು ತಳ್ಳಿಕೊಂಡು ನಮ್ಮ ಮನೆಗೆ ಬಂದಾಗ ನಾನು ಇರಲಿಲ್ಲ, ಕೊಟ್ಟಿಗೆಗೆ ದರಗು, ಒಣಗಿದ ಎಲೆ, ಗುಡಿಸಿ ತರಲು ಕಾಡಿಗೆ ಹೋಗಿದ್ದೆ. ಅತ್ತೆ ಒಬ್ಬರೇ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದರು. ನಾನು ಬಂದಮೇಲೆ 'ಎಂತ ಕೇಳಿದ್ರು?' ಎಂದರೆ, 'ಎಂತದೂ ಇಲ್ಲ, ಸುಮ್ನೆ' ಎಂದರು.

ಹದಿನೈದು ದಿನ ಕಳೆದಿರಬೇಕು, ಅಂಗಳಕ್ಕೆ ರಿಸರ್ವ್ ಪೊಲೀಸರು ಬಂದರು. ನಾಲ್ಕು ಬಂದೂಕು, ಒಬ್ಬ ಜಮಾದಾರ. ಅಟ್ಟ ಹತ್ತಿದರು, ಭತ್ತ ತುಂಬುವ ಪತ್ತಾಯದ ಮುಚ್ಚಳ ತೆಗೆದರು, ಹುಲ್ಲುಬಣವೆಗೆ ಬಯನೆಟ್ಟು ಚುಚ್ಚಿ ಚುಚ್ಚಿ ನೋಡಿದರು. 'ಎಲ್ಲಿ ಅಡಗಿಸಿದೀರಿ ಅವನ್ನ? ಪಲ್ಟಣ ಬಿಟ್ಟು ಓಡಿಬಂದವನಿಗೆ ಏನು ಶಿಕ್ಷೆ ಗೊತ್ತಾ?' ಎಂದು ಜಮಾದಾರ ನನ್ನನ್ನು ಕೇಳಿದ. ಸಂಜೆಯೊಳಗೆ ವೀರಮಾತೆ ಹೋಗಿ ಓಡಿಬಂದವನ ತಾಯಿಯಾದರು. ಹಾರ ಹಾಕಿದ ಕೈಗಳೇ ಬಾವಿಕಟ್ಟೆಯಲ್ಲಿ ನನ್ನ ಕೊಡ ಪಕ್ಕಕ್ಕೆ ಸರಿಸಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅತ್ತೆಯನ್ನು ಕೇಳಿದೆ. 'ಅತ್ತೆ, ಅವ್ರು ಬಂದಿದ್ರಾ?'

'ಬಂದಿದ್ದ' ಎಂದರು. ಮುಖದಲ್ಲಿ ನಗು. 'ಪೊಲೀಸ್ರೇ ಹುಡುಕ್ತಾರೆ ಅಂದ್ರೆ ಬದುಕಿದಾನೆ ಅಂತ ತಾನೇ? ನೀ ಸುಮ್ನಿರು ಹುಡ್ಗಿ, ಜಾಸ್ತಿ ಕೇಳ್ಬೇಡ.'

ಎಷ್ಟು ಕೇಳಿದರೂ ಅಷ್ಟೇ. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಬೆಂದೆ. ಬಂದಿದ್ದರೆ ನನಗೇಕೆ ಕಾಣಿಸಲಿಲ್ಲ? ತಾಯಿಗೆ ಮುಖ ತೋರಿಸಿದವರಿಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಹೆಂಡತಿ ಬೇಡವಾದಳೇ? ಅವರು ಬದುಕಿರಲಿ ಎಂದು ಹರಕೆ ಹೊತ್ತವಳೂ ನಾನೇ, ಬದುಕಿದ್ದು ನನ್ನನ್ನು ಬಿಟ್ಟುಹೋದರಲ್ಲ ಎಂದು ಶಾಪ ಹಾಕಿದವಳೂ ನಾನೇ.

ಪ್ರತಿ ಸೋಮವಾರ ಸಂತೆಗೆ ಹೋದಾಗ ಠಾಣೆಯ ಬೆಂಚಿನ ಮೇಲೆ ಕೂರುತ್ತಿದ್ದೆ. ನನಗೆ ಆ ಹೇಳಿಕೆ ನೋಡಬೇಕಿತ್ತು. ಬೇರೆಯವರು ಗದರಿಸಿ ಕಳಿಸುತ್ತಿದ್ದರು. ರೈಟರು ಮಾತ್ರ ಎದುರಿನ ಹೋಟೆಲಿನಿಂದ ಚಾ ತರಿಸಿಕೊಡುತ್ತಿದ್ದರು. ನಾನು ಏಳನೇ ಕ್ಲಾಸು ಪಾಸು ಎಂದು ತಿಳಿದ ಮೇಲೆ, ಕೂತಲ್ಲೇ ಅರ್ಜಿ ಬರೆಯುವುದನ್ನು ಕಲಿಸತೊಡಗಿದರು. ಎಡಕ್ಕೆ ಎಷ್ಟು ಜಾಗ ಬಿಡಬೇಕು, 'ಕೃಪೆದೋರಬೇಕಾಗಿ' ಎಲ್ಲಿ ಬರಬೇಕು, ಯಾವ ಸಾಹೇಬರಿಗೆ ಯಾವ ಬಿರುದು. 'ಅಳು ಬರೀಬೇಡ ತಂಗಿ, ತಾರೀಕು ಬರಿ' ಎನ್ನುತ್ತಿದ್ದರು. ಅಯ್ಯೋ ಪಾಪ, ಎಷ್ಟು ಒಳ್ಳೆಯವರು ಎಂದುಕೊಂಡಿದ್ದೆ.

ಒಂದು ಸೋಮವಾರ ಇನ್‌ಸ್ಪೆಕ್ಟರು ಸಾಗರದ ಕಡೆ ಬಂದೋಬಸ್ತಿಗೆ ಹೋಗಿದ್ದರು. ರೈಟರು ಆಚೀಚೆ ನೋಡಿ, ಕಪಾಟಿನಿಂದ ಕಡತ ತೆಗೆದು ನನ್ನ ಮುಂದಿಟ್ಟರು. 'ಒಂದೇ ಸಲ ಓದು. ಆಮೇಲೆ ಈ ಬೆಂಚು ಮರ್ತುಬಿಡು.'

ಅವರ ದುಂಡು ಅಕ್ಷರ. 'ನನ್ನ ಮಗನು ಎಳ್ಳಮಾವಾಸ್ಯೆ ದಿವಸ ಬೆಳಗಿನ ಜಾವ ಬಂದು, ಒಲೆಯ ಮುಂದೆ ಕುಳಿತು ಕಡುಬು ತಿಂದು, ಕಾಲಿನ ಬೂಟನ್ನೂ ಬಿಚ್ಚದೆ ಹೊರಟುಹೋಗಿರುತ್ತಾನೆ. ಓದಿ ಹೇಳಿದ್ದು ಕೇಳಿರುತ್ತೇನೆ, ಸರಿಯಾಗಿದೆ.' ಕೆಳಗೆ ಅತ್ತೆಯ ಹೆಬ್ಬೆಟ್ಟು.

ಎರಡು ಸಲ ಓದಿದೆ. 'ರೈಟರೇ, ಆ ವರ್ಷ ನಮ್ಮನೇಲಿ ಹಬ್ಬನೇ ಮಾಡ್ಲಿಲ್ಲ' ಎಂದೆ. 'ಕಡುಬಿಗೆ ಅಕ್ಕಿನೇ ನೆನೆಸ್ಲಿಲ್ಲ. ಇವ್ರು ಎಂತದು ತಿಂದ್ರು?'

ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

'ಬೂಟು ಹಾಕ್ಕಂಡು ಒಲೆ ಮುಂದೆ ಕೂರೋರಲ್ಲ ಅವ್ರು. ಹೇಳಿ, ಅತ್ತೆ ಏನಂದ್ರು?'

'ಕನಸು ಅಂದ್ರು' ಎಂದರು ರೈಟರು, ಮೇಜನ್ನೇ ನೋಡುತ್ತ. 'ಕನಸಲ್ಲಿ ಬಂದಿದ್ದ ಅಂದ್ರು. ಒಳ್ಳೆ ಕನಸು ಮನೆಯವರ ಹತ್ರ ಹೇಳಿದ್ರೆ ಫಲ ಹೋಗ್ತದೆ, ಸೊಸೆಗೆ ಹೇಳ್ಬೇಡಿ ಅಂತ್ಲೂ ಅಂದ್ರು. ವರದಿಯಲ್ಲಿ ಕನಸು ಅಂತ ಬರ್ದ್ರೆ ಸಾಹೇಬರು ನಗ್ತಾರೆ ತಂಗಿ. ಆ ಒಂದು ಪದ ಬಿಟ್ಟೆ. ಇಷ್ಟೆಲ್ಲ ಆಗ್ತದೆ ಅಂತ ದೇವರಾಣೆ ಗೊತ್ತಿರ್ಲಿಲ್ಲ.'

'ಓದಿ ಹೇಳಿದೀನಿ ಅಂತ ಬರ್ದಿದೀರಲ್ಲ?'

'ಹೇಳ್ಲಿಲ್ಲ. ಅದು ಎಲ್ಲಾ ಹೇಳಿಕೆಗೂ ಬರಿಯೋ ಸಾಲು.'

ಬೈಯಬೇಕಿತ್ತು. ಆ ಮೇಜನ್ನು ತಲೆಕೆಳಗು ಮಾಡಬೇಕಿತ್ತು. ಆದರೆ ನನಗೆ ಆಗ ಬೇರೆ ಏನೋ ಅರ್ಥವಾಗುತ್ತಿತ್ತು: ನನ್ನ ಯಜಮಾನರು ನನ್ನನ್ನು ಬಿಟ್ಟುಹೋಗಿರಲಿಲ್ಲ, ಬಂದೇ ಇರಲಿಲ್ಲ. ಇನ್ನು ಬರುವುದೂ ಇಲ್ಲ. ಠಾಣೆಯ ಬೆಂಚಿನ ಮೇಲೆ, ಕಳ್ಳಭಟ್ಟಿಯವನೊಬ್ಬನ ಪಕ್ಕದಲ್ಲಿ ಕೂತು ನಾನು ಗಂಡನಿಗಾಗಿ ಮೊದಲ ಸಲ ಅತ್ತುಬಿಟ್ಟೆ.

ತಿದ್ದಿ ಕೊಡಿ ಎಂದು ಕಾಲು ಹಿಡಿದೆ. ಹೋದ ವರದಿ ವಾಪಸು ಬರುವುದಿಲ್ಲ, ಅದರ ಮೇಲೆ ಇನ್ನೊಂದು ಬರೆಯಬೇಕು ಎಂದರು. ತಾನು ಪದ ಬಿಟ್ಟೆ ಎಂದು ಬರೆದರೆ ಅವರ ಕೆಲಸ ಹೋಗುತ್ತದೆ. ಮನೆಯಲ್ಲಿ ಮೂರು ಹೆಣ್ಣುಮಕ್ಕಳಿದ್ದರು. ಒಂದು ವಾರ ಯೋಚಿಸಿ ಅವರೇ ದಾರಿ ಹುಡುಕಿದರು, ಎಂಥ ದಾರಿ! 'ಹೇಳಿಕೆ ಕೊಟ್ಟ ತಾಯಿಗೆ ಪುತ್ರಶೋಕದಿಂದ ಬುದ್ಧಿಭ್ರಮಣೆಯಾಗಿದ್ದು, ಸದರಿಯವರ ಮಾತು ನಂಬತಕ್ಕದ್ದಲ್ಲ.' ಅದನ್ನು ನನ್ನ ಕೈಯಲ್ಲೇ ಬರೆಸಿ, ಮೊದಲ ಹೇಳಿಕೆಗೆ ತಾಳೆಯಾಗಲು ಅತ್ತೆಯ ಹೆಬ್ಬೆಟ್ಟೂ ಬೇಕು ಎಂದರು. ಅತ್ತೆಯ ಹೆಬ್ಬೆಟ್ಟಿಗೆ ಮಸಿ ಸವರಿ ಒತ್ತಿಸಿಕೊಂಡವಳು ನಾನು. 'ಎಂತ ಬರ್ದಿದೆ ಇದ್ರಲ್ಲಿ?' ಎಂದರು ಅತ್ತೆ. 'ಬೇಗ ಹುಡುಕಿ ಅಂತ' ಎಂದೆ. ಓದಿ ಹೇಳಲಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ, ಮುಚ್ಚಿಡುವುದಿಲ್ಲ.

ಎರಡು ವರ್ಷ ಕಾಗದ ಓಡಾಡಿತು. ಒಂದೊಂದು ಪ್ರಶ್ನೆಗೂ ರೈಟರು ಉತ್ತರದ ಕರಡು ಮಾಡಿಕೊಟ್ಟರು. ವರ್ಗವಾಗಿ ಹೊಸನಗರಕ್ಕೆ ಹೋದ ಮೇಲೂ ರಜೆ ಹಾಕಿ ಬಂದು ಬರೆಸಿದರು. ಕೊನೆಗೆ ಆದೇಶ ಬಂತು: 'ಯುದ್ಧದಲ್ಲಿ ಮೃತಪಟ್ಟಿರುವನೆಂದು ಭಾವಿಸಲಾಗಿದೆ.' ಓಡಿಬಂದವನು ಎಂಬ ಮಾತು ಅಳಿಯಿತು, ನನಗೆ ಪಿಂಚಣಿಯಾಯಿತು. ಅತ್ತೆಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ಪಿಂಚಣಿ ತರುವ ದಿನ ಬಸ್ಸಿಳಿದು ಸೆರಗಿನಿಂದ ಕುಂಕುಮ ಒರೆಸಿಕೊಳ್ಳುತ್ತಿದ್ದೆ. ವಾಪಸು ಬರುವಾಗ ಹಳ್ಳದ ಹತ್ತಿರ ನಿಂತು ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಆಮೇಲಾಮೇಲೆ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತು ಊರವರ ಅರ್ಜಿ ಬರೆಯತೊಡಗಿದೆ. ಕೊಡ ಸರಿಸಿದವರೂ ಬಂದರು, ಬರೆದುಕೊಟ್ಟೆ. ಏನೇ ಬರೆದರೂ ಮೊದಲು ಓದಿ ಹೇಳುತ್ತೇನೆ, ಆಮೇಲೆ ಹೆಬ್ಬೆಟ್ಟು.

ಅಲ್ಲೇ ಒಬ್ಬ ಪೇದೆ ಸುದ್ದಿ ತಂದ. ರೈಟರು ಹೊಸನಗರದಲ್ಲಿ, ಡ್ಯೂಟಿಯ ಮೇಲೆಯೇ ಎದೆನೋವು ಬಂದು ಹೋಗಿಬಿಟ್ಟರಂತೆ. ಹೋಗಿ ಮುಖ ನೋಡಬೇಕೆಂದು ನನಗೆ ಅನ್ನಿಸಲಿಲ್ಲ. ಆದರೂ ಆ ದಿನ ಬೇರೆ ಯಾರ ಅರ್ಜಿಯನ್ನೂ ಬರೆಯಲು ಆಗಲಿಲ್ಲ. ಬೇಗ ಮನೆಗೆ ಬಂದೆ. ಅತ್ತೆ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದರು.

'ಅತ್ತೆ, ಠಾಣೆ ರೈಟರು ತೀರಿಕೊಂಡ್ರಂತೆ.'

ಅತ್ತೆಯ ಕೈ ನಿಂತಿತು. 'ಪಾಪ' ಎಂದರು. 'ಒಳ್ಳೆ ಮನುಷ್ಯ ಕಣೆ. ಅವತ್ತು ನನ್ನ ಮಾತು ಯಾರು ಕೇಳ್ತಿದ್ರು? ಅವ್ರೊಬ್ರೇ ಕೂತ್ಕಂಡು, ನಾ ಹೇಳಿದ್ದು ಒಂದು ಅಕ್ಷರ ಬಿಡ್ದೆ ಬರ್ಕಂಡಿದ್ರು.'

'ಹೌದತ್ತೆ' ಎಂದೆ.